ಕಾಡಪ್ಪನ ತಡವಾದ ನಿರ್ಧಾರ

ಕಾಡಪ್ಪ ಜಿಟ್ಟಿಗೆ ಎತ್ತರ ಇರಲಿಲ್ಲ. ವಾಲಿಬಾಲ್ ಆಡುವವನಲ್ಲಿ ಜನ ಮೊದಲು ಹುಡುಕುವುದೇ ಅದನ್ನು. ಅವನು ಬಲೆಯ ಮುಂದೆ ಹಾರಿ ಕೈ ಅಡ್ಡ ಹಿಡಿದರೆ ಎದುರಿನ ಸ್ಮ್ಯಾಶರ್‌ಗಳು ಆ ಕೈಗಳ ಮೇಲಿಂದಲೇ ಚೆಂಡನ್ನು ನೆಲಕ್ಕೆ ಬಡಿಯುತ್ತಿದ್ದರು. ಸರ್ವಿಸ್‌ನಲ್ಲಿ ಜೋರಿರಲಿಲ್ಲ. ಬಲ ಮೊಣಕಾಲಿಗೆ ಹಳೆಯ ನೋವೊಂದಿತ್ತು. ಧಾರವಾಡದ ಕ್ರೀಡಾ ಮಾಪನ ಕೇಂದ್ರದಲ್ಲಿ ಪರೀಕ್ಷಕಿ ನೀಲಾಂಬಿಕಾ ಅವನ ದೌರ್ಬಲ್ಯಗಳ ಅಂಕಣವನ್ನು ಒಂದು ಕಪ್ ಚಹಾ ಮುಗಿಯುವುದರೊಳಗೆ ತುಂಬಿದ್ದಳು. ತೊಂದರೆ ಕೊಟ್ಟದ್ದು ಸಾಮರ್ಥ್ಯದ ಅಂಕಣ.

ಅಲ್ಲಿ ಬರೆಯಲು ಒಂದೇ ಸಂಗತಿ ಇತ್ತು. ಅವನಿದ್ದ ತಂಡ ಸೋಲುತ್ತಿರಲಿಲ್ಲ.

ಕಾಡಪ್ಪನದು ರಬಕವಿ-ಬನಹಟ್ಟಿ ಕಡೆಯ ಒಂದು ಸಣ್ಣ ಕಾಲೇಜು. ಆ ಕಾಲೇಜಿಗೆ ಒಳಾಂಗಣ ಅಂಕಣವಿರಲಿ, ಸರಿಯಾದ ಬಲೆಯೂ ಇರಲಿಲ್ಲ. ಅಂಥ ತಂಡ ಆ ವರ್ಷ ಬೆಂಗಳೂರು, ಚೆನ್ನೈಗಳ ಆರಡಿ ಹುಡುಗರನ್ನು ಸಾಲಾಗಿ ಸೋಲಿಸಿ ಅಂತರ ವಿಶ್ವವಿದ್ಯಾಲಯ ಕಪ್ ಎತ್ತಿಕೊಂಡು ಬಂದಿತ್ತು. ಆರು ಮಂದಿಯಲ್ಲಿ ಕಾಡಪ್ಪ ಲಿಫ್ಟರ್. ಎದುರಿನಿಂದ ಬಂದ ಚೆಂಡನ್ನು ಒಬ್ಬ ಎತ್ತಿ ಕೊಡುತ್ತಾನೆ, ಎರಡನೆಯ ಸಲ ಅದನ್ನು ಮುಟ್ಟುವವನು ಲಿಫ್ಟರ್, ಮೂರನೆಯವನು ಹೊಡೆಯುತ್ತಾನೆ. ಚಪ್ಪಾಳೆ ಹೊಡೆದವನಿಗೆ ಬೀಳುತ್ತದೆ. ಆದರೆ ಯಾರು ಹೊಡೆಯಬೇಕು ಎಂದು ತೀರ್ಮಾನಿಸುವವನು ಲಿಫ್ಟರ್. ತಂಡದ ತಲೆ ಅವನೇ. ಹೊಸದಾಗಿ ಶುರುವಾಗಿದ್ದ ರಾಷ್ಟ್ರೀಯ ಲೀಗ್‌ನ ಒಂದು ತಂಡಕ್ಕೆ ಒಬ್ಬ ಲಿಫ್ಟರ್ ಬೇಕಿತ್ತು. ಕಾಡಪ್ಪನ ಹೆಸರು ಅವರ ಕಿವಿಗೆ ಬಿದ್ದಿತ್ತು. ಕೇಂದ್ರದ ವರದಿ ಚೆನ್ನಾಗಿದ್ದರೆ ಜಾಗ ಅವನದು.

ವರದಿ ತಯಾರಾಗುತ್ತಿದ್ದುದು ತೋಳುಪಟ್ಟಿಯಿಂದ. ಮುಂಗೈಗೆ ಸುತ್ತುವ ತೆಳ್ಳನೆಯ ಪಟ್ಟಿ ಅದು. ಮನುಷ್ಯ ಕೈ ಎತ್ತುವ ಮೊದಲು ಮಿದುಳಿನಿಂದ ಸ್ನಾಯುವಿಗೆ ಸಣ್ಣ ವಿದ್ಯುತ್ ಹರಿದುಬರುತ್ತದೆ. ಪಟ್ಟಿ ಅದನ್ನು ಹಿಡಿಯುತ್ತಿತ್ತು. ಕೈ ಏನು ಮಾಡಲಿದೆ ಎಂಬುದು ಕೈಗಿಂತ ಮುಂಚೆ ಪರದೆಯ ಮೇಲೆ ಮೂಡುತ್ತಿತ್ತು. ಒಬ್ಬ ಲಿಫ್ಟರ್ ತನ್ನ ನಿರ್ಧಾರವನ್ನು ಯಾವ ಕ್ಷಣದಲ್ಲಿ ಮಾಡಿದ, ಎಷ್ಟು ಸಲ ಬದಲಿಸಿದ, ಯಾವ ಕಡೆಗೆ ಹೆದರುತ್ತಾನೆ ಎಲ್ಲವೂ ಗೆರೆಯಾಗಿ ಬರುತ್ತಿತ್ತು. ಒಳ್ಳೆಯ ಲಿಫ್ಟರ್‌ಗಳ ಗೆರೆ ಚೆಂಡು ಇನ್ನೂ ಆಕಾಶದಲ್ಲಿರುವಾಗಲೇ ಏಳುತ್ತದೆ. ಎದುರಾಳಿಗೆ ಸುಳಿವು ಸಿಗಬಾರದೆಂದು ಕೆಲವರು ಕೊಂಚ ತಡಮಾಡುತ್ತಾರೆ, ಅಷ್ಟೆ.

ಕಾಡಪ್ಪನ ಗೆರೆ ಏಳುತ್ತಲೇ ಇರಲಿಲ್ಲ. ಚೆಂಡು ಬೆರಳಿಗೆ ತಾಗುವ ತನಕ ಸಪಾಟು. ತಾಗುವ ಹೊತ್ತಿಗೆ ಸೂಜಿಯಂತೆ ಒಂದೇ ಏರು, ಮರುಗಳಿಗೆಗೆ ಚೆಂಡು ಸರಿಯಾದವನ ಕೈಗೆ. ಕೈ ಅಡ್ಡ ಹಿಡಿದು ಬ್ಲಾಕ್ ಮಾಡುವವರಿಲ್ಲದ ಜಾಗಕ್ಕೆ. ಹೆಚ್ಚುಕಡಿಮೆ ಪ್ರತಿ ಸಲವೂ.

ಕೇಂದ್ರದ ನಿರ್ದೇಶಕ ವಾಮನ ಕುಲಗೋಡ ಕನ್ನಡಕವನ್ನು ಹಣೆಗೇರಿಸಿ ಆ ಗೆರೆಯನ್ನು ಬಹಳ ಹೊತ್ತು ನೋಡಿದರು.

"ನೀಲಾ, ಇಂವ ಆಡೂದಿಲ್ಲ. ಇಂವನ್ನ ಯಾರೋ ಆಡಸ್ತಾರ."

"ಅಂದ್ರ ಹೆಂಗ್ರಿ ಸರ?"

"ಸ್ವಂತ ವಿಚಾರ ಮಾಡೋ ಮನಷ್ಯಾಗ ಮೊದಲ ಒಂದೀಟು ಗಲಿಬಿಲಿ ಇರ್ತದ. ಇಂವಗ ಅದ ಇಲ್ಲ. ಖಾಲಿ. ಆಮ್ಯಾಲೆ ಒಮ್ಮೆಲೆ ಹುಕುಂ ಬಂದಂಗ ಕೈ ಏಳ್ತದ. ಇಂಥಾವು ಎರಡ ಕೇಸ್ ನೋಡೀನಿ. ಬೂಟಿನ್ಯಾಗ ನಡುಗೋ ಬಿಲ್ಲೆ ಇಟಗೊಂಡಿದ್ರು. ಮ್ಯಾಲೆ ಕೂತು ಒತ್ತಾಂವ ಬೆಟ್ಟಿಂಗಿನಾಂವ."

"ಆದರ ಇವರು ಗೆದ್ದಾರಲ್ರಿ. ಬೆಟ್ಟಿಂಗಿನವರು ಸೋಲಸ್ತಾರ."

"ಬೇಕಾದಾಗ ಗೆಲ್ಲಸ್ತಾರ, ಬೇಕಾದಾಗ ಸೋಲಸ್ತಾರ. ಹಗ್ಗ ಯಾರ ಕೈಯಾಗ ಅದ ಅನ್ನೋದು ಮುಖ್ಯ."

ಪರದೆಯ ಮೂಲೆಯಲ್ಲಿ ಯಂತ್ರ ಆಗಲೇ ಕೆಂಪು ಚುಕ್ಕಿ ಇಟ್ಟಿತ್ತು: ಹೊರ ಸಂಕೇತದ ಶಂಕೆ. ಆ ಚುಕ್ಕಿ ವರದಿಯಲ್ಲಿ ಉಳಿದರೆ ಲೀಗ್ ದೂರದ ಮಾತು. ಕ್ರೀಡಾ ಕೋಟಾದಲ್ಲಿ ಸಿಕ್ಕ ಸೀಟು, ಹಾಸ್ಟೆಲಿನ ಮಂಚ, ಮುಂದೆ ಪೊಲೀಸಿನಲ್ಲೋ ರೈಲ್ವೆಯಲ್ಲೋ ಸಿಗಬಹುದಾದ ನೌಕರಿ, ಎಲ್ಲಕ್ಕೂ ಬಾಗಿಲು ಬಂದ್. ನೀಲಾಂಬಿಕಾಗೆ ಅದು ಗೊತ್ತಿತ್ತು. ಆದರೆ ಅವಳಿಗೂ ಸಂಶಯವೇ ಇತ್ತು. ಸಂಶಯಪಡುವುದಕ್ಕೇ ಅವಳಿಗೆ ಸಂಬಳ ಕೊಡುತ್ತಿದ್ದರು.

ಅಷ್ಟರಲ್ಲಿ ತೋಳುಪಟ್ಟಿ ಆಟದ ಮೈದಾನ ಬಿಟ್ಟು ಊರೊಳಗೆ ಬಂದಿತ್ತು. ಬ್ಯಾಂಕಿನಲ್ಲಿ ಸಾಲ ಕೇಳಲು ಹೋದವರ ಕೈಗೆ ಕಟ್ಟುತ್ತಿದ್ದರು. ನೌಕರಿಯ ಸಂದರ್ಶನಕ್ಕೆ ಕಟ್ಟುತ್ತಿದ್ದರು. ಕೈಯೊಳಗಿನ ಹಿಂಜರಿಕೆ ಕಂಡರೆ ಮಾತು ಸುಳ್ಳು ಎಂದು ಲೆಕ್ಕ. ಜನರೂ ಸುಮ್ಮನಿರಲಿಲ್ಲ. ಮುಷ್ಟಿಯಲ್ಲಿ ನಿಂಬೆಹಣ್ಣು ಬಿಗಿಯಾಗಿ ಹಿಡಿದರೆ ಪಟ್ಟಿಯ ಗೆರೆ ಕಲಕುತ್ತದೆ ಎಂದು ಯಾರೋ ಕಂಡುಹಿಡಿದರು. ಮಾತುಕತೆಗೆ ಕೂತ ಕಡೆಯೆಲ್ಲ ಈಗ ನಿಂಬೆಹಣ್ಣು. ಪಟ್ಟಿ ಇಲ್ಲದ ಕಡೆಯೂ ಕೆಲವರಿಗೆ ಮುಷ್ಟಿ ಕಟ್ಟುವ ಚಾಳಿ ಹತ್ತಿತ್ತು.

ನೀಲಾಂಬಿಕಾಳನ್ನು ನೋಡಲು ಗೋಕಾಕದಿಂದ ಗಂಡಿನ ಕಡೆಯವರು ಬಂದಾಗ ಹುಡುಗನ ಸೋದರಮಾವ ಅವಲಕ್ಕಿ ತಟ್ಟೆ ಬದಿಗಿಟ್ಟು, "ಹುಡುಗಿದು ಪಟ್ಟಿ ಒಮ್ಮಿ ನೋಡಿಬಿಟ್ರ ಚಲೋ," ಎಂದ.

ನೀಲಾಂಬಿಕಾಳ ತಾಯಿ ಶಿವಗಂಗವ್ವ ಸೆರಗಿನೊಳಗೆ ಕೈ ಕಟ್ಟಿಕೊಂಡೇ ಕೂತಿದ್ದಳು. "ನೋಡೂಣಂತ. ಮೊದಲ ನಿಮ್ಮ ಹುಡುಗನ ಕೈಯಾಗಿನ ನಿಂಬಿಹಣ್ಣು ಕೆಳಗ ಇಡ್ರಿ. ಸಾರಿಗಿ ಬರ್ತೈತಿ."

ಹುಡುಗ ನಿಂಬೆಹಣ್ಣನ್ನು ಕಿಸೆಗೆ ಹಾಕಿಕೊಂಡ. ಸಂಬಂಧ ಅಲ್ಲಿಗೆ ನಿಂತಿತು. ಅವರು ಹೋದಮೇಲೆ ಶಿವಗಂಗವ್ವ ತಟ್ಟೆ ಎತ್ತುತ್ತ ಮಗಳನ್ನು ನೋಡಿದಳು.

"ನೀ ದಿನಾ ಮಂದಿ ಕೈ ಓದ್ತಿ. ನಿನಗ ಒಬ್ಬಾಂವರ ಖರೇ ಮನಷ್ಯಾ ಸಿಕ್ಕಾನೇನ?"

"ಸಿಕ್ರ ನನ್ನ ಕೆಲಸ ಹೋಗತೈತಿ ಯವ್ವಾ."

"ಹೋಗ್ಲಿ ಬಿಡು, ಮನ್ಯಾಗ ಕೂತ ನಿಂಬಿಹಣ್ಣ ಮಾರೂಣಂತ."

ಕಾಡಪ್ಪನನ್ನೂ ಅವನ ತಂಡದವರನ್ನೂ ಕೇಂದ್ರಕ್ಕೆ ಕರೆಸಿದರು. ಬೂಟು, ಕಾಲುಚೀಲ, ಪಟ್ಟಿ, ಕಿವಿ, ಹಲ್ಲು ಎಲ್ಲ ತಡಕಿದರು. ಏನೂ ಸಿಗಲಿಲ್ಲ. ಕೇಂದ್ರದ ಒಳಾಂಗಣದಲ್ಲಿ ಹೊರಗಿನ ಯಾವ ರೇಡಿಯೋ ಅಲೆಯೂ ಬಾರದಂತೆ ಬಾಗಿಲು ಹಾಕಿ ಆಡಿಸಿದರು. ಗೆರೆ ಅದೇ ಸಪಾಟು, ಅದೇ ಸೂಜಿ. ಮೇಲೆ ಕೂತು ಒತ್ತುವವನು ಇಲ್ಲದೆಯೂ ಹುಕುಂ ಬರುತ್ತಿತ್ತು.

ನೀಲಾಂಬಿಕಾ ಒಬ್ಬೊಬ್ಬರನ್ನೇ ಒಳಗೆ ಕರೆದಳು. ಮೊದಲು ಕಾಡಪ್ಪ. ಕುರ್ಚಿಯ ತುದಿಯಲ್ಲಿ ಕೂತ. ಮಾತಾಡುವಾಗ ಅವನು ಕಣ್ಣು ನೋಡುತ್ತಿರಲಿಲ್ಲ, ಬಾಯಿ ನೋಡುತ್ತಿದ್ದ. ಅದು ಅವಳಿಗೆ ಹಿಡಿಸಲಿಲ್ಲ.

"ಚೆಂಡು ಯಾರಿಗೆ ಎತ್ತಬೇಕು ಅನ್ನೂದು ಯಾವಾಗ ಗೊತ್ತಾಗತೈತಿ?"

"ಚೆಂಡ ಬಂದಾಗ್ರಿ ಅಕ್ಕಾರ."

"ಬರೂಕಿಂತ ಮೊದಲು?"

"ಮೊದಲ ಹೆಂಗ ಗೊತ್ತಾಕ್ಕೈತ್ರಿ? ಚೆಂಡ ಬಂದಿರೂದಿಲ್ಲಲ್ಲ."

"ಯಾರರ ಹೇಳ್ತಾರೇನು?"

ಅವನು ಗೋಡೆಯ ಕಡೆ ತಿರುಗಿ, "ಮಷೀನಿಂದ ತಪ್ಪೈತ್ರಿ," ಎಂದ.

ಎರಡನೆಯವನು ದಸ್ತಗೀರ ಮೋಮಿನ, ತಂಡದ ಕ್ಯಾಪ್ಟನ್, ಎತ್ತರದ ಸ್ಮ್ಯಾಶರ್. ಬಂದವನೇ ಮೇಜಿನ ಮೇಲಿದ್ದ ಬಿಸ್ಕೆಟ್ ತೆಗೆದುಕೊಂಡ.

"ನನ್ನ ಕೈಗೂ ಪಟ್ಟಿ ಕಟ್ಟಿದ್ರೆಲ್ರಿ ಮೇಡಮ್ಮರ, ನಂದೇನ ತೋರಸ್ತು?"

"ಹಸಿವಿ ಆಗೈತಿ ಅಂತ."

"ಅಷ್ಟರ ಮಟ್ಟಿಗೆ ಖರೇ ಐತಿ ಬಿಡ್ರಿ."

"ಕಾಡಪ್ಪಗ ಸನ್ನೆ ಮಾಡಾವರು ಯಾರು?"

ದಸ್ತಗೀರನ ನಗು ನಿಂತಿತು. "ಹುಡುಗಂದು ಏನೂ ಇಲ್ರಿ. ಮಷೀನಿಂದ ತಪ್ಪೈತಿ."

ಮೂರನೆಯವನೂ ಹಾಗೆಯೇ ಅಂದ. ನಾಲ್ಕನೆಯವನೂ. ಕೊನೆಯವನು ಬಾಗಿಲಲ್ಲಿ ನಿಂತೇ ಅಂದುಬಿಟ್ಟ, ಪ್ರಶ್ನೆ ಕೇಳಿಸಿಕೊಳ್ಳಲಿಲ್ಲ. ಹುಡುಗಂದು ಏನೂ ಇಲ್ಲ, ಮಷೀನಿಂದ ತಪ್ಪೈತಿ. ಅದೇ ಪದ, ಅದೇ ಧಾಟಿ.

"ಕಂಠಪಾಠ ಮಾಡಕೊಂಡ ಬಂದಾರ," ಎಂದರು ಕುಲಗೋಡ. "ತಪ್ಪಿಲ್ಲದವರು ಬ್ಯಾರೆ ಬ್ಯಾರೆ ಸುಳ್ಳ ಹೇಳ್ತಾರ. ತಪ್ಪ ಮಾಡಿದವರು ಒಂದ ಸುಳ್ಳ ಹೇಳ್ತಾರ."

ನೀಲಾಂಬಿಕಾಗೂ ಹಾಗೇ ಅನಿಸಿತು. ಅವಳು ಪಂದ್ಯದ ಚಿತ್ರಗಳನ್ನು ನಿಧಾನಕ್ಕೆ ಓಡಿಸಿ ನೋಡತೊಡಗಿದಳು. ಕೈ ಬಿಟ್ಟು ಮುಖ ನೋಡಿದಳು. ಚೆಂಡು ಕೆಳಗಿಳಿಯುವಾಗ ಯಾವ ಲಿಫ್ಟರ್‌ನ ಕಣ್ಣಾದರೂ ಚೆಂಡಿನ ಮೇಲಿರುತ್ತದೆ. ಕಾಡಪ್ಪನ ಕಣ್ಣು ಒಂದು ಗಳಿಗೆ ಚೆಂಡನ್ನು ಬಿಟ್ಟು ಅಂಕಣದ ತುಂಬ ಸುತ್ತಿ ಬರುತ್ತಿತ್ತು. ಅದೇ ಗಳಿಗೆಯಲ್ಲಿ ಹೊಡೆಯಲು ಓಡಿಬರುವವರಲ್ಲಿ ಒಬ್ಬನ ತುಟಿ ಅಲುಗುತ್ತಿತ್ತು. ಕೂಗುತ್ತಿರಲಿಲ್ಲ. ದನಿಯ ದಾಖಲೆಯಲ್ಲಿ ಬೂಟಿನ ಕೀರಲು ಬಿಟ್ಟರೆ ಬೇರೇನೂ ಇರಲಿಲ್ಲ. ತುಟಿ ಅಗಲವಾಗಿ, ವಿಚಿತ್ರವಾಗಿ ಅಲುಗಿ, ಹುಬ್ಬೊಂದು ಏರಿ ಇಳಿಯುತ್ತಿತ್ತು.

ತುಟಿ ಓದುವ ಯಂತ್ರ ಕೇಂದ್ರದಲ್ಲಿತ್ತು. ನ್ಯಾಯಾಲಯದ ಕೆಲಸಕ್ಕೆಂದು ತರಿಸಿದ್ದರು. ಅದಕ್ಕೆ ಈ ಚಿತ್ರಗಳನ್ನು ಉಣಿಸಿದಳು. ಯಂತ್ರ ಸ್ವಲ್ಪ ಹೊತ್ತು ತಿಣುಕಿ ಉತ್ತರ ಕೊಟ್ಟಿತು: ಮಾತಲ್ಲ.

ಮಾತಲ್ಲದ್ದನ್ನು ಆರು ಮಂದಿ ಇಷ್ಟು ಸರಿಯಾಗಿ ಆಡುತ್ತಾರೆಂದರೆ ಅದು ಗುಪ್ತಭಾಷೆ. ಯಾರೋ ಕಲಿಸಿದ್ದಾರೆ. ಕಲಿಸಿದವರನ್ನು ಹುಡುಕಿಕೊಂಡು ನೀಲಾಂಬಿಕಾ ಕಾಡಪ್ಪನ ಊರಿಗೆ ಹೋದಳು. ಕೇಂದ್ರದ ಕನ್ನಡಕ ಹಾಕಿಕೊಂಡು ಹೋದಳು. ಅದರ ಚೌಕಟ್ಟಿನೊಳಗೆ ಕಣ್ಣೂ ಕಿವಿಯೂ ಇದ್ದವು. ನೋಡಿದ್ದು, ಕೇಳಿದ್ದು ಎಲ್ಲ ಅದರಲ್ಲಿ ಉಳಿಯುತ್ತಿತ್ತು.

ಬಸ್ ನಿಲ್ದಾಣದಿಂದ ದಸ್ತಗೀರನೇ ಕರೆದುಕೊಂಡು ಹೋದ. ಓಣಿಗೆ ತಿರುಗುವ ಮೊದಲೇ ಸದ್ದು ಎದೆಗೆ ಬಡಿಯಿತು. ಮನೆಮನೆಗೂ ಪಾವರಲೂಮ್. ಕಾಡಪ್ಪನ ತಾಯಿ ನಾಗವ್ವ ದುಡಿಯುತ್ತಿದ್ದ ಶೆಡ್ಡಿನಲ್ಲಿ ಮಗ್ಗಗಳು ಎರಡು ಸಾಲಾಗಿ ನಿಂತು ಲಾಳಿ ಬಡಿಯುತ್ತಿದ್ದವು. ಒಳಗೆ ಕಾಲಿಟ್ಟ ನೀಲಾಂಬಿಕಾಗೆ ತನ್ನ ದನಿ ತನಗೇ ಕೇಳಿಸಲಿಲ್ಲ.

ಆದರೆ ಶೆಡ್ಡಿನಲ್ಲಿ ಎಲ್ಲರೂ ಮಾತಾಡುತ್ತಿದ್ದರು.

ಈ ತುದಿಯ ಹೆಂಗಸು ಬಾಯಿ ಅಗಲಿಸಿ ಏನೋ ಅಂದಳು. ಆ ತುದಿಯವಳು ಹುಬ್ಬು ಹಾರಿಸಿ ಉತ್ತರ ಕೊಟ್ಟಳು. ನಡುವಿನ ಮುದುಕ ನಕ್ಕ. ಯಾರ ಕೈಯೂ ಮಗ್ಗ ಬಿಡಲಿಲ್ಲ. ಅಗಲವಾದ ತುಟಿ, ಅರ್ಧಕ್ಕೆ ನುಂಗಿದ ಅಕ್ಷರ, ಹುಬ್ಬು. ಅಂಕಣದಲ್ಲಿ ಕಂಡದ್ದೇ.

ಹೊರಗೆ ನಿಂತು ಚಹಾ ಕುಡಿಯುವಾಗ ದಸ್ತಗೀರ ಬಿಡಿಸಿ ಹೇಳಿದ. "ಹುಟ್ಟಿದಾಗಿಂದ ಹಿಂಗ ಮಾತಾಡ್ತೀವ್ರಿ. ತೊಟ್ಟಲಾ ಶೆಡ್ಡಿನ್ಯಾಗ ಕಟ್ಟಿರ್ತಾರ. ನಮ್ಮ ತಂಡದಾಗ ಎಲ್ಲಾರೂ ಮಗ್ಗದ ಮನಿಯವರ. ಎದುರಿಗೆ ಬ್ಲಾಕ್ ಇಲ್ಲಂದ್ರ ಓಡ್ತಾ ಓಡ್ತಾ 'ನಂಗ' ಅಂತೀವಿ. ಕಾಡ್ಯಾ ನೋಡ್ತಾನ, ಎತ್ತತಾನ."

"ಅಂದ್ರ ಅಂವ ನಿರ್ಧಾರ ಮಾಡೂದ ಇಲ್ಲ?"

"ಇಬ್ರು ಮೂವರು ಒಮ್ಮೆಲೆ 'ನಂಗ' ಅಂತಾರಲ್ರಿ. ಯಾರು ಸುಮ್ಮ ಆಸೇಕ ಅಂತಾರು, ಯಾರಿಗೆ ಖರೇನ ಜಾಗಾ ಐತಿ, ಅದು ಮಾರಿ ಮ್ಯಾಲ ಗೊತ್ತಾಕ್ಕೈತಿ. ನಾ ಎಷ್ಟ ಸಲ ಸುಳ್ಳ ಅಂದೀನಿ. ಒಮ್ಮಿನೂ ಎತ್ತಿಲ್ಲ ಮಗಾ."

"ಇದನ್ನ ಅಲ್ಲೇ ಹೇಳಿದ್ರ ಮುಗೀತಿತ್ತಲ್ಲ? ಮಷೀನಿಂದ ತಪ್ಪು ಅಂತ ಯಾಕ ಅಂದ್ರಿ, ಎಲ್ಲಾರೂ?"

ದಸ್ತಗೀರ ಅವಳನ್ನು ಎಳೆಮಗುವನ್ನು ನೋಡುವಂತೆ ನೋಡಿದ. "ಬಟ್ಟ್ಯಾಗ ಕುಂದ ಬಂದ್ರ ಮಾಲಕ ಬಂದು ಯಾರ ಕೈಯಿಂದ ಆತು ಅಂತ ಕೇಳ್ತಾನ್ರಿ. ಹೆಸರ ಹೇಳಿದ್ರ ಅವನ ಪಗಾರ ಹೋತು. ಅದಕ್ಕ ಯಾರನ್ನ ಕೇಳಿದ್ರೂ ಒಂದ ಮಾತು, ಮಷೀನಿಂದ ತಪ್ಪೈತಿ. ಅದು ಬಾಯಿಗೆ ತಾನ ಬರ್ತೈತ್ರಿ. ವಿಚಾರ ಮಾಡೂದ ಬ್ಯಾಡ."

ತಮ್ಮವರನ್ನು ಕಾಪಾಡಲು ಅವರು ಕಲಿತ ಒಂದೇ ಮಾತು ಕೇಂದ್ರದಲ್ಲಿ ಅವರ ಮೇಲಿನ ಸಾಕ್ಷಿಯಾಗಿತ್ತು. ನೀಲಾಂಬಿಕಾಗೆ ನಗು ಬಂತು, ತಡೆದುಕೊಂಡಳು.

ಮತ್ತೆ ಒಳಗೆ ಹೋದಾಗ ನಾಗವ್ವ ಅವಳನ್ನು ಪಕ್ಕಕ್ಕೆ ನಿಲ್ಲಿಸಿಕೊಂಡಳು. ಬಂದ ಅತಿಥಿಗೆ ಬೇಸರವಾಗಬಾರದೆಂದು, ಯಾರು ಏನು ಅಂದರೂ ಅದನ್ನು ಕಿವಿಗೆ ಬಾಯಿ ಹಚ್ಚಿ ಕೂಗಿ ಹೇಳಿದಳು.

"ಆ ಕೆಂಪ ಸೀರ್ಯಾಕಿ ಏನಂದ್ಲ ಗೊತ್ತೇನ್ರಿ? ಪ್ಯಾಟಿ ಹುಡುಗಿಗಿ ಚಾದಾಗ ಸಕ್ರಿ ಕಮ್ಮಿ ಹಾಕಿದ್ದೇನ ಅಂದ್ಲು! ... ಈ ಮುದುಕಪ್ಪ ಅಂತಾನು, ಲಗ್ನ ಆಗೈತೇನ ಕೇಳು, ನನ್ನ ಮಮ್ಮಗ ಅದಾನ ಅಂತ!"

ಶೆಡ್ಡು ಸದ್ದಿಲ್ಲದೆ ನಕ್ಕಿತು. ಅಷ್ಟರಲ್ಲಿ ಬಾಗಿಲಲ್ಲಿ ಮಾಲೀಕ ಕಾಣಿಸಿಕೊಂಡ. ಸಾಲುಗಳ ನಡುವೆ ಕೈ ಹಿಂದೆ ಕಟ್ಟಿ ನಡೆದುಹೋದ. ಅವನ ಬೆನ್ನ ಹಿಂದೆ, ಮುಂದೆ, ತುಟಿಗಳು ಓಡಾಡಿದವು. ನಾಗವ್ವ ಅದನ್ನೂ ಕಿವಿಯಲ್ಲಿ ಹೇಳಿದಳು, ಆದರೆ ದನಿ ತಗ್ಗಿಸಿ. ಬೋನಸ್ ಕೊಡದಿದ್ದರೆ ಮುಂದಿನ ತಿಂಗಳು ಎಲ್ಲ ಶೆಡ್ಡುಗಳಲ್ಲಿ ಒಮ್ಮೆಲೆ ಮಗ್ಗ ನಿಲ್ಲಿಸುವ ಮಾತದು. ಮಾಲೀಕ ಗೋಡೆಗೆ ಕ್ಯಾಮೆರಾ ಹಾಕಿಸಿದ್ದ. ಕ್ಯಾಮೆರಾಕ್ಕೆ ಬಾಯಾಡಿಸುವ ಜನ ಕಾಣುತ್ತಿದ್ದರು. ಎಲೆಯಡಿಕೆ ಜಗಿಯುತ್ತಾರೆ ಎಂದುಕೊಂಡಿದ್ದ.

ಕಾಡಪ್ಪ ಶೆಡ್ಡಿನ ಹೊರಗೆ ಕಾದಿದ್ದ. ಅವಳ ಮುಖವನ್ನೇ ನೋಡಿದ.

"ಅಕ್ಕಾರ, ಆ ಚಸ್ಮಾದಾಗ ಏನರ ಹಿಡಕೋತೀರೇನ್ರಿ?"

"ಇಲ್ಲ. ನೋಡಾಕ ಬಂದೇನಿ, ಅಷ್ಟ."

ಹಾಗೆನ್ನುವಾಗ ತನ್ನ ಬಲಗೈ ಮುಷ್ಟಿ ಕಟ್ಟಿದ್ದು ಅವಳಿಗೆ ತಿಳಿಯಿತು. ಅವನಿಗೂ ಕಂಡಿತು.

ಧಾರವಾಡಕ್ಕೆ ಮರಳುವ ಬಸ್ಸಿನಲ್ಲಿ ಅವಳು ಲೆಕ್ಕ ಹಾಕಿದಳು. ಬಾಯಿಮಾತಿನಲ್ಲಿ ಹೇಳಿದರೆ ಕುಲಗೋಡ ನಂಬುವುದಿಲ್ಲ. ಪುರಾವೆ ಕೇಳುತ್ತಾರೆ. ಪುರಾವೆ ಕನ್ನಡಕದಲ್ಲಿದೆ. ಕೊಟ್ಟರೆ ಕೆಂಪು ಚುಕ್ಕಿ ಹೋಗುತ್ತದೆ, ಹುಡುಗ ಉಳಿಯುತ್ತಾನೆ. ಬೋನಸ್ಸಿನ ಮಾತನ್ನು ಅಳಿಸಿ ಕೊಟ್ಟರಾಯಿತು. ಅಳಿಸಿಯೇ ಕೊಟ್ಟಳು. ಉಪಕಾರ ಮಾಡಿದೆ ಎಂದುಕೊಂಡಳು.

ಕುಲಗೋಡ ಪೂರ್ತಿ ನೋಡಿದರು. "ಶಾಬಾಸ್" ಎಂದರು. ತಮ್ಮ ಕೈಯಾರೆ ಕೆಂಪು ಚುಕ್ಕಿ ತೆಗೆದರು. ಹೊರ ಸಂಕೇತ ಇಲ್ಲ, ಆಟಗಾರ ನಿರಪರಾಧಿ ಎಂದು ಬರೆದು ಸಹಿ ಹಾಕಿದರು. ಸಾಮರ್ಥ್ಯದ ಅಂಕಣವನ್ನು ನೀಲಾಂಬಿಕಾ ತಾನೇ ತುಂಬಿದಳು. ಐದು ಮುಖಗಳನ್ನು ಒಂದು ನೋಟದಲ್ಲಿ ಓದುತ್ತಾನೆ, ಸುಳ್ಳು ಕರೆಗೆ ಮರುಳಾಗುವುದಿಲ್ಲ, ಎದುರಾಳಿಗೆ ಒಂದಿಷ್ಟೂ ಸುಳಿವು ಕೊಡುವುದಿಲ್ಲ ಎಂದು ಬರೆದಳು.

ಕಾಡಪ್ಪನಿಗೆ ಫೋನ್ ಮಾಡಿ ಹೇಳಿದಾಗ ಅವನು ಖುಷಿಪಡಲಿಲ್ಲ.

"ಅವರಿಗೆ ಹೆಂಗ ಗೊತ್ತಾತ್ರಿ?"

ಅವಳು ಹೇಳಿದಳು.

"ನೀವು ಇಲ್ಲ ಅಂದಿದ್ರಿ."

"ನಿಮ್ಮ ಮ್ಯಾಲಿನ ಆರೋಪ ಹೋಗಬೇಕಂದ್ರ ಬ್ಯಾರೆ ದಾರಿ ಇರಲಿಲ್ಲ ಕಾಡಪ್ಪ."

"ಇತ್ರಿ. ಮಷೀನಿಂದ ತಪ್ಪು ಅಂತ ಬಿಟ್ಟಿದ್ರ ನಂದ ಒಬ್ಬಂದ ಹೋಗತಿತ್ತು," ಎಂದು ಫೋನ್ ಇಟ್ಟ.

ಲೀಗ್ ತಂಡದ ಉತ್ತರ ಬಂದಾಗ ಅವಳು ಅದನ್ನು ಹಿಡಿದುಕೊಂಡೇ ಕುಲಗೋಡರ ಕೋಣೆಗೆ ನುಗ್ಗಿದಳು. ಆಟಗಾರನಿಗೆ ಸ್ವಂತ ನಿರ್ಣಯ ಶಕ್ತಿ ಇಲ್ಲ, ಬೇರೆ ಊರಿನ ಸ್ಮ್ಯಾಶರ್‌ಗಳೊಂದಿಗೆ ಉಪಯೋಗವಿಲ್ಲ ಎಂದು ಅವರು ಬರೆದಿದ್ದರು. ಆರಡಿಯ ಬೇರೊಬ್ಬನನ್ನು ತೆಗೆದುಕೊಂಡಿದ್ದರು.

"ಐದು ಮಂದಿ ಬಾಯಿ ಓದಿ ಖರೇ ಯಾವುದು ಸುಳ್ಳ ಯಾವುದು ಅಂತ ಹೇಳೂದು ಸಾಮರ್ಥ್ಯ ಅಲ್ಲೇನ್ರಿ ಸರ?"

"ಅದ. ಯಾರು ಇಲ್ಲಂದ್ರು? ಆದರ ಅದು ಯಾರ ಸಾಮರ್ಥ್ಯ? ನಮ್ಮ ಅಂಕಣದಾಗ ಒಂದ ಹೆಸರು ಹಿಡಸ್ತದ ನೀಲಾ." ಅವರು ಪರದೆಯನ್ನು ಅವಳತ್ತ ತಿರುಗಿಸಿದರು. "ಅದನ್ನ ಬಿಡು. ಇದನ್ನ ನೋಡು."

ಪರದೆಯಲ್ಲಿ ಆ ಶೆಡ್ಡು ಇತ್ತು. ಕೆಂಪು ಸೀರೆಯವಳ ತುಟಿ ಅಲುಗಿದಾಗ ಕೆಳಗೆ ಅಕ್ಷರ ಮೂಡಿತು: ಸಕ್ಕರೆ ಕಡಿಮೆ. ನಾಗವ್ವ ಕಿವಿಯಲ್ಲಿ ಕೂಗಿದ್ದೆಲ್ಲ ಯಂತ್ರಕ್ಕೆ ಪಾಠವಾಗಿತ್ತು. ಒಂದು ಕಡೆ ತುಟಿ, ಒಂದು ಕಡೆ ಅರ್ಥ, ಎದುರುಬದುರು. ಯಂತ್ರಕ್ಕೆ ಅಷ್ಟು ಸಾಕಾಗಿತ್ತು. ಅವಳು ಅಳಿಸಿದ ತುಣುಕು ಅದಕ್ಕೆ ಬೇಕಾಗಲೇ ಇಲ್ಲ. ಹೊಸ ಮಾತನ್ನು ತಾನೇ ಓದಿಕೊಳ್ಳುವಷ್ಟು ಅದು ಕಲಿತಾಗಿತ್ತು.

"ಮಗ್ಗದ ಮಾಲಕರ ಸಂಘದವರು ಇದನ್ನ ಕೇಳ್ಯಾರ," ಎಂದರು ಕುಲಗೋಡ. "ಗ್ವಾಡಿಗೆ ಕ್ಯಾಮೆರಾ ಮೊದಲ ಅವ. ನಾವು ಓದೋದಷ್ಟ ಕೊಟ್ರ ಆತು."

"ಅದು ಅವರ ಖಾಸಗಿ ಮಾತ್ರಿ ಸರ."

"ಕೆಲಸದ ಹೊತ್ತಿನ್ಯಾಗ ಖಾಸಗಿ ಎಲ್ಲಿದು? ನೀನ ಹೋಗಿ ಹಿಡಕೊಂಡ ಬಂದೀಯಲ್ಲ. ಆವಾಗ ಖಾಸಗಿ ಇರಲಿಲ್ಲೇನು?"

ನೀಲಾಂಬಿಕಾಗೆ ರಾಜೀನಾಮೆ ಕೊಡುವ ವಿಚಾರ ಬಂತು. ಕೊಡಲಿಲ್ಲ.

ಮಗ್ಗ ನಿಲ್ಲಿಸುವ ಹಿಂದಿನ ದಿನ ಮಾಲೀಕರು ಮುಂದಾಳುಗಳನ್ನು ಹೆಸರು ಹಿಡಿದು ಕರೆದು ಲೆಕ್ಕ ಚುಕ್ತಾ ಮಾಡಿ ಕಳಿಸಿದರು. ಯಾರು ಏನು ಅಂದಿದ್ದರು ಎಂದು ಓದಿ ಹೇಳಿದರು. ಶೆಡ್ಡಿನ ಜನ ಮೊದಲು ಒಬ್ಬರನ್ನೊಬ್ಬರು ಶಂಕಿಸಿದರು. ಯಾರೋ ಚಾಡಿ ಹೇಳಿದ್ದಾರೆಂದು ಎರಡು ಮನೆಗಳ ನಡುವೆ ಜಗಳವೂ ಆಯಿತು. ಆಮೇಲೆ ಗೋಡೆಯ ಕ್ಯಾಮೆರಾ ತುಟಿ ಓದುತ್ತದೆಂಬ ಸುದ್ದಿ ತಿಳಿಯಿತು. ಹೆಂಗಸರು ಸೆರಗನ್ನು ಬಾಯಿಗೆ ಅಡ್ಡ ಕಟ್ಟಿದರು. ಮಗ್ಗಕ್ಕೆ ಸೆರಗು ಸಿಕ್ಕರೆ ಅಪಾಯ ಎಂದು ನೋಟಿಸ್ ಬಂತು. ಗಂಡಸರು ಬೆನ್ನು ತಿರುಗಿಸಿ ಮಾತಾಡಿ ನೋಡಿದರು. ಬೆನ್ನಿಗೆ ತುಟಿ ಇರುವುದಿಲ್ಲ. ಕೊನೆಗೆ ಎಲ್ಲರೂ ಬಾಯಿ ಮುಚ್ಚಿಕೊಂಡು ದುಡಿಯುವುದನ್ನು ಕಲಿತರು.

ಅಂಕಣದಲ್ಲೂ ಅದೇ. ಮುಂದಿನ ಟೂರ್ನಮೆಂಟಿನಲ್ಲಿ ಎದುರಾಳಿ ತಂಡದ ಬೆಂಚಿನ ಮೇಲೆ ಕೇಂದ್ರದ ತುಟಿ ಓದುವ ಯಂತ್ರದ ಪರದೆ ಇತ್ತು. ದಸ್ತಗೀರ 'ನಂಗ' ಎನ್ನುವುದೇ ತಡ, ಬ್ಲಾಕ್ ಮಾಡುವವರು ಅವನೆದುರು ಗೋಡೆಯಾಗಿ ನಿಂತಿರುತ್ತಿದ್ದರು. ಹುಡುಗರು ಸನ್ನೆ ನಿಲ್ಲಿಸಿದರು. ಕಾಡಪ್ಪ ತನ್ನ ವಿಚಾರದಂತೆ ಎತ್ತತೊಡಗಿದ. ಪಟ್ಟಿಯ ಗೆರೆ ಈಗ ಎಲ್ಲರ ಗೆರೆಯಂತೆ ಬೇಗ ಏಳುತ್ತಿತ್ತು, ನಡುಗುತ್ತಿತ್ತು. ಯಂತ್ರಕ್ಕೆ ಅವನ ಮೇಲೆ ಯಾವ ಸಂಶಯವೂ ಉಳಿದಿರಲಿಲ್ಲ. ತಂಡ ಮೊದಲ ಸುತ್ತಿನಲ್ಲೇ ಸೋತಿತು.

ನೀಲಾಂಬಿಕಾ ಇದನ್ನೆಲ್ಲ ಒಂದು ಭಾನುವಾರ ಊಟಕ್ಕೆ ಕೂತಾಗ ತಾಯಿಗೆ ಹೇಳಿದಳು. ಶಿವಗಂಗವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

"ಆ ಚಸ್ಮಾ ಮನ್ಯಾಗ ಹಾಕ್ಕೊಂಡ ಕೂತೀಯಲ್ಲ, ಈಗ್ಲೂ ಹಿಡೀತೈತೇನ?"

"ಇಲ್ಲ ಯವ್ವಾ. ಬಂದ್ ಐತಿ."

"ಆ ಹುಡುಗಗೂ ಹಿಂಗ ಅಂದಿದ್ದಿ."

ನೀಲಾಂಬಿಕಾ ಕನ್ನಡಕ ತೆಗೆದು ಚೀಲದಲ್ಲಿಟ್ಟಳು. ಶಿವಗಂಗವ್ವ ಮತ್ತೊಂದು ರೊಟ್ಟಿ ತಟ್ಟೆಗೆ ಹಾಕಿ, ಗೋಡೆಯ ಕಡೆ ಮುಖ ತಿರುಗಿಸಿಕೊಂಡು ಕೂತಳು. ಅಂದಿನಿಂದ ಮಗಳೊಂದಿಗೆ ಮಾತಾಡುವಾಗೆಲ್ಲ ಅವಳು ಹಾಗೇ ಕೂರುತ್ತಿದ್ದಳು.

ಹೋದದ್ದು ಇಷ್ಟು. ಲೀಗ್‌ನಲ್ಲಿ ಒಂದು ಜಾಗ. ಕಾಲೇಜಿನಲ್ಲಿ ಒಂದು ತಂಡ. ಆರು ಮಂದಿಯಲ್ಲಿ ಐವರು ಆಟ ಬಿಟ್ಟರು. ಶೆಡ್ಡುಗಳಲ್ಲಿ ಕೆಲಸ ಕಳೆದುಕೊಂಡವರು ಮೂವತ್ತೊಂದು ಜನ. ಅವರಲ್ಲಿ ಹೆಂಗಸರು ಹತ್ತೊಂಬತ್ತು, ನಾಗವ್ವನೂ ಸೇರಿ.